ಕಪ್ ಗೆದ್ದವರು ದಯವಿಟ್ಟು ಪಕ್ಕಕ್ಕೆ ಸರಿಯಬೇಕು

2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದ ಮೆಸ್ಸಿಯನ್ನು ಗಣ್ಯರೂ ಅವರ ಹಿಂಬಾಲಕರೂ ಹೇಗೆ ಮುತ್ತಿಕೊಂಡರೆಂದರೆ, ಸಾವಿರಾರು ರೂಪಾಯಿ ತೆತ್ತು ಗ್ಯಾಲರಿಯಲ್ಲಿ ಕುಳಿತವರಿಗೆ ಕಂಡದ್ದು ಬರೀ ಬೆನ್ನುಗಳು. ಆತ ಬೇಗನೆ ಹೊರಟುಹೋದ, ಬಾಟಲಿಗಳೂ ಕುರ್ಚಿಗಳೂ ಹಾರಿದವು, ತನಿಖೆಗೆ ಆದೇಶವಾಯಿತು. ಇದರಲ್ಲಿ ಇಡೀ ದೇಶ ಬೆಚ್ಚಿಬೀಳುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ. ಅದೇ ಅಂಗಳದಲ್ಲಿ 2022ರ ಸೆಪ್ಟೆಂಬರ್ 18ರಂದು ಡ್ಯುರಾಂಡ್ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್ ಮುಗಿದ ಮೇಲೆ ನಡೆದದ್ದನ್ನು ಕಂಡವರಿಗೆ ಇದು ಮುಂದುವರಿದ ಭಾಗವಷ್ಟೇ.

ಆ ವಿಡಿಯೊವನ್ನು ನೋಡದವರು ಯಾರೂ ಇರಲಾರರು. ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಮೊದಲ ಬಾರಿಗೆ ಡ್ಯುರಾಂಡ್ ಗೆದ್ದಿತ್ತು. ದೇಶಕ್ಕಾಗಿ ಅಷ್ಟರಲ್ಲಾಗಲೇ 84 ಗೋಲು ಹೊಡೆದಿದ್ದ ನಾಯಕ ಸುನಿಲ್ ಛೆಟ್ರಿ ಕಪ್ ಪಡೆಯುತ್ತಿದ್ದ ಹೊತ್ತಿನಲ್ಲಿ, ಮಣಿಪುರದ ಜೊತೆಗೆ ಬಂಗಾಳದ ಹೆಚ್ಚುವರಿ ಹೊಣೆಯನ್ನೂ ಹೊತ್ತಿದ್ದ ಮಾನ್ಯ ರಾಜ್ಯಪಾಲರು ಅವನ ಮೈಮೇಲೆ ಕೈಯಿಟ್ಟು, ದಾರಿಗೆ ಅಡ್ಡ ಬಂದ ಬಾಗಿಲನ್ನು ಸರಿಸುವಷ್ಟೇ ನಿರುದ್ವಿಗ್ನರಾಗಿ ಅತ್ತ ಸರಿಸಿದರು. ಕ್ಯಾಮೆರಾಕ್ಕೆ ಅವರ ಮುಖ ಪೂರ್ತಿಯಾಗಿ ದೊರಕಿತು. ಅದೇ ವೇದಿಕೆಯಲ್ಲಿ, ಹನ್ನೊಂದನೇ ನಿಮಿಷದಲ್ಲೇ ಗೋಲು ಹೊಡೆದಿದ್ದ ಹುಡುಗ ಶಿವಶಕ್ತಿಗೂ ಇನ್ನೊಬ್ಬ ಗಣ್ಯರಿಂದ ಇದೇ ಉಪಚಾರ ಸಂದಿತು. ಸಿಟ್ಟಿಗೇಳುವ ಮೊದಲು ಅವರ ಕೌಶಲವನ್ನು ಮೆಚ್ಚಿಕೊಳ್ಳೋಣ. ಮುಂಬೈನ ಇಡೀ ರಕ್ಷಣಾ ಪಡೆ ತೊಂಬತ್ತು ನಿಮಿಷ ಹೆಣಗಿಯೂ ಬದಿಗೊತ್ತಲಾಗದ ಆಟಗಾರನನ್ನು, ಯಾವ ತಾಲೀಮೂ ಇಲ್ಲದ ಹಿರಿಯರೊಬ್ಬರು ಒಂದೇ ಕೈಯಲ್ಲಿ, ಚೆಂಡೇ ಇಲ್ಲದ ಜಾಗದಲ್ಲಿ, ಬದಿಗೊತ್ತಿದರು.

ಫುಟ್‌ಬಾಲ್ ನಿಯಮಾವಳಿಯ ಹನ್ನೆರಡನೇ ನಿಯಮದ ಪ್ರಕಾರ ಎದುರಾಳಿಯನ್ನು ಅಜಾಗರೂಕತೆಯಿಂದ ತಳ್ಳಿದರೆ ನೇರ ಫ್ರೀ ಕಿಕ್. ಆದರೆ ಬಹುಮಾನದ ವೇದಿಕೆ ಹತ್ತುವಷ್ಟರಲ್ಲಿ ರೆಫರಿ ತಮ್ಮ ಪದಕವನ್ನು ಪಡೆದು ಬದಿಯಲ್ಲಿ ನಿಂತಿರುತ್ತಾರೆ. ಅವರನ್ನೂ ಯಾರಾದರೂ ಸರಿಸಿರುತ್ತಾರೆ. ನನ್ನ ನಮ್ರ ಸಲಹೆಯೆಂದರೆ, ಫ್ರೀ ಕಿಕ್ ವೇಳೆ ಮೈದಾನದ ಮೇಲೆ ಗೆರೆ ಎಳೆಯಲು ರೆಫರಿಗಳ ಸೊಂಟದಲ್ಲಿರುವ ಆ ಬಿಳಿ ನೊರೆಯ ಡಬ್ಬಿಯನ್ನು ಸಮಾರಂಭ ಮುಗಿಯುವವರೆಗೂ ಅವರಿಂದ ಮರಳಿ ಪಡೆಯಬಾರದು. ಫ್ರೀ ಕಿಕ್ ವೇಳೆ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕೆಂಬಂತೆ, ಗಣ್ಯರು ಕಪ್‌ನಿಂದ 9.15 ಮೀಟರ್ ದೂರ ನಿಲ್ಲಲಿ, ಗೆರೆಯನ್ನು ಜಮಖಾನೆಯ ಮೇಲೆಯೇ ಎಳೆಯಲಿ. 2019ರಿಂದೀಚೆಗೆ ಮೂವರಿಗಿಂತ ಕಡಿಮೆಯಿಲ್ಲದ ರಕ್ಷಣಾ ಗೋಡೆಯಿದ್ದರೆ ದಾಳಿಯ ತಂಡದವರು ಅದರಿಂದ ಒಂದು ಮೀಟರ್ ಆಚೆಗೇ ಇರಬೇಕು. ನಮ್ಮ ವೇದಿಕೆಗಳ ಗೋಡೆ ಮೂವರಿಂದ ತೃಪ್ತಿಪಡುವಂಥದ್ದಲ್ಲ: ರಾಜ್ಯಪಾಲರು, ಮಂತ್ರಿಗಳು, ಸೇನೆಯ ಹಿರಿಯರು, ಪ್ರಾಯೋಜಕರು, ಪ್ರಾಯೋಜಕರ ಬಳಗದವರು, ಕೊನೆಗೆ ಯಾರೆಂದು ಯಾರಿಗೂ ತಿಳಿಯದ, ಆದರೆ ಎಲ್ಲ ಫೋಟೋಗಳಲ್ಲೂ ಇರುವ ಸಫಾರಿ ಸೂಟಿನ ಒಬ್ಬರು.

ಗೆರೆ ಎಂದಾಗ ನೆನಪಾಯಿತು. 1888ರಲ್ಲಿ ಶಿಮ್ಲಾದ ಕಡೆಯ ಬೆಟ್ಟಗಳಲ್ಲಿ ಈ ಪಂದ್ಯಾವಳಿಯನ್ನು ಶುರುಮಾಡಿದ ಮಾರ್ಟಿಮರ್ ಡ್ಯುರಾಂಡ್, 1893ರಲ್ಲಿ ಆಫ್ಘಾನಿಸ್ತಾನದ ಗಡಿಗೆ ಗೆರೆ ಎಳೆಸಿದ ಅದೇ ಅಧಿಕಾರಿ. ಎರಡೂವರೆ ಸಾವಿರ ಕಿಲೋಮೀಟರಿಗೂ ಉದ್ದದ ಗೆರೆಗೆ ಹೆಸರು ಕೊಟ್ಟ ಮನುಷ್ಯ ವೇದಿಕೆಯ ಮೇಲೆ ಒಂದು ಗೇಣು ಗೆರೆ ಎಳೆಯದೆ ಹೋದದ್ದು ಸಾಮ್ರಾಜ್ಯಶಾಹಿಯ ಅಪರಾಧಗಳಲ್ಲಿ ಕನಿಷ್ಠವಾದದ್ದೇನಲ್ಲ. ಅದಕ್ಕೆ ಬದಲಾಗಿ ನಮಗೆ ದೊರೆತದ್ದು ಮೂರು ಕಪ್‌ಗಳು. ಗೆದ್ದ ತಂಡಕ್ಕೆ ಡ್ಯುರಾಂಡ್ ಕಪ್, ಶಿಮ್ಲಾ ಟ್ರೋಫಿ, ರಾಷ್ಟ್ರಪತಿ ಕಪ್ ಮೂರನ್ನೂ ಕೊಡುತ್ತಾರೆ. ಮೊದಲೆರಡು ಪರ್ಯಾಯ ಪಾರಿತೋಷಕಗಳಾದ್ದರಿಂದ ಹಿಂದಿರುಗಿಸಬೇಕು, ಮೂರನೆಯದು ತಂಡಕ್ಕೇ ಖಾಯಂ. ನಾಯಕನಿಗೆ ಇರುವುದು ಎರಡೇ ಕೈ, ಕಪ್ ಮೂರು, ಆದ್ದರಿಂದ ಗಣ್ಯರ ನೆರವು ಅನಿವಾರ್ಯವೆಂದು ವಾದಿಸುವವರಿದ್ದರೆ ಆ ವಾದವನ್ನು ಒಪ್ಪಬಹುದಿತ್ತು, ಹಿಂದೆ ನಿಂತ ಹತ್ತಿಪ್ಪತ್ತು ಆಟಗಾರರಿಗೂ ಕೈಗಳಿರುತ್ತವೆ ಎಂಬ ಅಡಚಣೆ ಇಲ್ಲದಿದ್ದರೆ.

ಛೆಟ್ರಿಯದೂ ತಪ್ಪಿದೆ ಎನ್ನಬೇಕು. 2018ರ ಜೂನ್‌ನಲ್ಲಿ, ಮುಂಬೈಯ ಖಾಲಿ ಗ್ಯಾಲರಿಗಳನ್ನು ಕಂಡು ನೊಂದು, ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು ದೇಶಕ್ಕೆ ಬೇಡಿಕೊಂಡವನು ಅವನೇ. ಎಲ್ಲಿ ಕುಳಿತುಕೊಳ್ಳಬೇಕೆಂದು ಅವನು ಹೇಳಿರಲಿಲ್ಲ. ಅವನ ಮಾತಿಗೆ ಬೆಲೆ ಕೊಟ್ಟು ಸಾಮಾನ್ಯರು ಟಿಕೆಟ್ ಕೊಂಡು ಮುಂದಿನ ಪಂದ್ಯದಲ್ಲಿ ಗ್ಯಾಲರಿ ತುಂಬಿದರು, ಗಣ್ಯರು ನಾಲ್ಕು ವರ್ಷ ತಡವಾಗಿ ಬಂದು ನೇರವಾಗಿ ಅವನ ಜಾಗದಲ್ಲೇ ನಿಂತರು.

ಇಷ್ಟು ಹೇಳಿ ನಗಬಹುದು, ನಕ್ಕೂ ಆಯಿತು. ಆದರೆ 2025ರ ಜುಲೈನಲ್ಲಿ ದೇಶದ ಪ್ರಮುಖ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಅನ್ನು ತಡೆಹಿಡಿದಾಗ, ಲೀಗ್ ನಡೆಯುತ್ತದೋ ಇಲ್ಲವೋ ಎಂದು ತಿಳಿಯದೆ ಅದೇ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿದಾಗ, ಹಲವು ಕ್ಲಬ್‌ಗಳು ಡ್ಯುರಾಂಡ್‌ಗೇ ತಂಡ ಕಳಿಸದೆ ಉಳಿದಾಗ, ಆ ಚಿತ್ರದೊಳಗೆ ನುಗ್ಗಲು ಯಾರೂ ಯಾರನ್ನೂ ತಳ್ಳಲಿಲ್ಲ. ಚೌಕಟ್ಟಿನಲ್ಲಿ ಬೇಕಾದಷ್ಟು ಜಾಗವಿತ್ತು. ಸಂಬಳವಿಲ್ಲದ ಆಟಗಾರನ ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈಯಿಡಲು ಒಬ್ಬರೂ ಸಿಗಲಿಲ್ಲ. ಇದು ಶಿಷ್ಟಾಚಾರದ ಪ್ರಶ್ನೆಯಲ್ಲ, ನಾಚಿಕೆಗೇಡು. ಪ್ರತಿ ಸಲವೂ ಇದನ್ನೇ ಬರೆಯುವುದು ಬೇಸರದ ಕೆಲಸ.

ಆದರೂ ಫುಟ್‌ಬಾಲ್ ಮೇಲಿನ ಅವರ ಒಲವನ್ನು ಅನುಮಾನಿಸಬಾರದು. ಡ್ಯುರಾಂಡ್ ಈಗ ಅಸ್ಸಾಮಿನ ಕೊಕ್ರಾಝಾರ್‌ನಲ್ಲೂ ನಡೆಯುತ್ತದೆ, ಗುಂಪಿನ ಹಂತದಲ್ಲಿ ಸೇನೆಯ ತಂಡಗಳೂ ಸಣ್ಣ ಕ್ಲಬ್‌ಗಳೂ ಮಳೆಗಾಲದ ಕೆಸರಿನಲ್ಲಿ ಆಡುತ್ತವೆ. ಮಾನ್ಯರು ಯಾವುದಾದರೂ ಒಂದು ವಾರದ ದಿನ ಅಲ್ಲಿಗೆ ದಯಮಾಡಿಸಲಿ. ಟಿಕೆಟ್ ಸಿಗುತ್ತದೆ, ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ. ಕಪ್ ಮಾತ್ರ ಅಲ್ಲಿರುವುದಿಲ್ಲ.