ಉದ್ದ ಒಳಕ್ಕೆ ಹೋಗಬೇಕು

ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 23 ವರ್ಷ ಸಾಫ್ಟ್‌ವೇರ್ ಬರೆದವನು ನಾನು. ಆಗ ನನಗೆ 55. ದುಡ್ಡಿನ ಚಿಂತೆಗಿಂತ, ಬೆಳಿಗ್ಗೆ ಎದ್ದು ಏನು ಮಾಡಲಿ ಅನ್ನುವುದೇ ಜಾಸ್ತಿ ಕಾಡಿತು.

ಹೊಸದುರ್ಗದ ಅಣ್ಣನಿಗೆ ಫೋನ್ ಮಾಡಿದೆ. "ಸಾಕು ಬಿಡೋ, ಎಷ್ಟು ದುಡೀತೀಯ? ಊರಿಗೆ ಬಂದು ಆರಾಮಾಗಿರು" ಅಂದ. ಪ್ರೀತಿಯ ಮಾತೇ. ಆದರೂ ಅದನ್ನು ಕೇಳಿ ನನಗೆ ಅಪ್ಪ ನೆನಪಾದರು, ಭಯವಾಯಿತು.

ಅಪ್ಪ ಮೇಷ್ಟ್ರಾಗಿದ್ದರು. ರಿಟೈರಾದ ದಿನ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆತನಕ ಬಿಟ್ಟು ಹೋದರು. ಮರುದಿನದಿಂದ ಅಪ್ಪ ಜಗಲಿ ಮೇಲೆ ಕೂತು ಹೋಗಿಬರುವ ಬಸ್ಸು ನೋಡುತ್ತಿದ್ದರು. ಅವರಿಗೆ ಹಾರ್ಮೋನಿಯಂ ಕಲಿಯುವ ಆಸೆ ಬಹಳ ಇತ್ತು. ಊರಲ್ಲಿ ಕಲಿಸುವ ಹುಡುಗನೂ ಇದ್ದ, ಅವರದೇ ಶಿಷ್ಯ. "ನಾನು ಅಕ್ಷರ ತಿದ್ದಿಸಿದ ಹುಡುಗನ ಮುಂದೆ ಕೂತು ಸರಿಗಮ ಅನ್ನಲಾ?" ಅಂತ ಹೋಗಲೇ ಇಲ್ಲ. ಆ ಆಸೆ ಅವರ ಜೊತೆಗೇ ಹೋಯಿತು.

ಲೀಡ್ಸ್‌ನಲ್ಲಿ ನಾನು ಸೇರಿದ್ದು ಯು3ಎ ಅನ್ನುವ ಕೂಟಕ್ಕೆ. ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್ ಅನ್ನುವುದರ ಚಿಕ್ಕ ಹೆಸರು ಅದು. ಥರ್ಡ್ ಏಜ್ ಅಂದರೆ ದುಡಿಮೆ ಮುಗಿದ ಮೇಲಿನ ವಯಸ್ಸು. ಇದು ಶುರುವಾಗಿದ್ದು 1973ರಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿ. ಅಲ್ಲಿ ವಿಶ್ವವಿದ್ಯಾಲಯವೇ ಹಿರಿಯರಿಗೆ ಪಾಠ ಮಾಡಿತು. 1982ರಲ್ಲಿ ಬ್ರಿಟನ್ನಿಗೆ ಬಂದಾಗ ರೂಪ ಬದಲಾಯಿತು. ಇಲ್ಲಿ ಪ್ರೊಫೆಸರ್ ಬೇಕಿಲ್ಲ, ಸದಸ್ಯರೇ ಸದಸ್ಯರಿಗೆ ಕಲಿಸುತ್ತಾರೆ. ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ. ಸೋಮವಾರ ಇತಿಹಾಸ ಹೇಳಿಕೊಟ್ಟವರು ಗುರುವಾರ ಇನ್ನೊಬ್ಬರ ಮನೆಯಲ್ಲಿ ಚಿತ್ರ ಬರೆಯಲು ಕಲಿಯುತ್ತಾರೆ. ರಿಟೈರಾದ ಡಾಕ್ಟರೊಬ್ಬರು ಬಸ್ ಡ್ರೈವರ್ ಆಗಿದ್ದವರ ಹತ್ತಿರ ಉಕುಲೆಲೆ ಅನ್ನುವ ಪುಟ್ಟ ಗಿಟಾರಿನಂಥ ವಾದ್ಯ ಕಲಿಯುತ್ತಿದ್ದರು. ತಪ್ಪು ನುಡಿಸಿದಾಗ ಒಂಚೂರೂ ಮುಜುಗರಪಡಲಿಲ್ಲ. ನನಗೆ ಅಪ್ಪನ ಹಾರ್ಮೋನಿಯಂ ನೆನಪಾಗಿ ಗಂಟಲು ಕಟ್ಟಿತು.

ಅಲ್ಲಿ ಸಿಕ್ಕ ಗೆಳೆಯರೊಬ್ಬರು ನನ್ನನ್ನು ಕಲ್ಲುಗೋಡೆ ಕಟ್ಟುವ ತರಗತಿಗೆ ಕರೆದುಕೊಂಡು ಹೋದರು. ಲೀಡ್ಸ್‌ಗೆ ಹತ್ತಿರದ ಯಾರ್ಕ್‌ಶೈರ್ ಡೇಲ್ಸ್‌ನ ಗುಡ್ಡಗಳ ತುಂಬ ಇಂಥ ಗೋಡೆಗಳೇ. ಮಣ್ಣಿಲ್ಲ, ಸಿಮೆಂಟಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಎರಡು ಮುಖ ಕಟ್ಟಿ, ಮೇಲೆ ಹೋದಂತೆ ಒಳಕ್ಕೆ ಬಾಗಿಸಬೇಕು. ನಡುವೆ ಸಣ್ಣ ಕಲ್ಲು ಒತ್ತಾಗಿ ತುಂಬಬೇಕು. ಅಲ್ಲಲ್ಲಿ ಎರಡೂ ಮುಖ ಹಿಡಿಯುವ ಹಾಗೆ ಉದ್ದದ ಕಲ್ಲು ಅಡ್ಡ ಹಾಕಬೇಕು. ಸಂದಿನ ಮೇಲೆ ಸಂದು ಬರಬಾರದು.

ಕಲಿಸಿದವಳು 26 ವರ್ಷದ ಹುಡುಗಿ. ನಾನು ಕಲ್ಲಿನ ಉದ್ದ ಹೊರಗೆ ಕಾಣುವ ಹಾಗೆ ಇಟ್ಟಿದ್ದೆ. ಬೇಗ ಬೇಗ ಗೋಡೆ ಏಳುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಅವಳು ಒಂದು ಗಂಟೆಯ ಕೆಲಸ ಬಿಚ್ಚಿಸಿದಳು. "ಉದ್ದ ಒಳಕ್ಕೆ ಹೋಗಬೇಕು. ಇಲ್ಲದಿದ್ದರೆ ನಿಲ್ಲಲ್ಲ." ಪಕ್ಕದಲ್ಲಿದ್ದ 71ರ ಹಿರಿಯರದೂ ಬಿಚ್ಚಿಸಿದಳು. ಅವರು ತಲೆಯಾಡಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ನಾನೂ ಮಾಡಿದೆ. ಆವತ್ತು ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಇಲ್ಲಿನದೆಲ್ಲ ಒಳ್ಳೆಯದು ಅನ್ನುತ್ತಿಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಗೆ ಮಕ್ಕಳು ಬರುವುದು ಕ್ರಿಸ್‌ಮಸ್‌ಗೆ ಮಾತ್ರ. ನಮ್ಮಲ್ಲಿ ಹಿರಿಯರಿಗೆ ಮನೆಯಲ್ಲಿ ಜಾಗ ಇದೆ, ಮಡಿಲಲ್ಲಿ ಮೊಮ್ಮಕ್ಕಳಿದ್ದಾರೆ. ಅದು ದೊಡ್ಡದು. ಆದರೆ ಹಿರಿಯ ಅಂದಕೂಡಲೇ ಎಲ್ಲ ತಿಳಿದವನು ಅಂತ ಕೂರಿಸಿಬಿಡುತ್ತೇವೆ. ತಿಳಿದವನು ಹೋಗಿ ಕೇಳುವುದು ಹೇಗೆ? ಹೆಂಗಸರು ಈ ವಿಷಯದಲ್ಲಿ ಮುಂದಿದ್ದಾರೆ. ನಮ್ಮ ಅತ್ತೆ 60ರಲ್ಲಿ ಗಮಕ ಕಲಿತರು. ಭಜನಾ ಮಂಡಳಿಯಲ್ಲಿ ಅವರನ್ನು ತಿದ್ದುವವರು ಅವರಿಗಿಂತ ಚಿಕ್ಕವರೇ.

ಅರವತ್ತಕ್ಕೆ ಅರಳುಮರಳು ಅಂತ ನಾವು ಸುಮ್ನೆ ಅಂದುಬಿಡುತ್ತೇವೆ. ಬೇಂದ್ರೆಯವರು ಅರವತ್ತು ದಾಟಿದ ಮೇಲೆ, 1957ರಲ್ಲಿ, ತಮ್ಮ ಕವನ ಸಂಕಲನಕ್ಕೆ 'ಅರಳು ಮರಳು' ಅಂತಲೇ ಹೆಸರಿಟ್ಟರು. ಮರಳಿ ಅರಳುವುದು ಅಂತಲೂ ಓದಬಹುದು, ಅಲ್ವಾ?

ಈಗ ನಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಅರಿವು ಕೇಂದ್ರಗಳಾಗಿವೆ. ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಹಿರಿಯರು ಸೇರಲಿ. ರಿಟೈರಾದ ಲೈನ್‌ಮನ್ ವೈರಿಂಗ್ ಹೇಳಿಕೊಡಲಿ, ಮೇಷ್ಟ್ರು ಕೆಳಗೆ ಕೂತು ಕಲಿಯಲಿ. ಇದಕ್ಕೆ ಖರ್ಚೇನೂ ಇಲ್ಲ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಹೊಲದ ಬದುವಿನ ಕಲ್ಲು ಕುಸಿದಿತ್ತು. ನಾನು ಕಟ್ಟಲು ಕೂತೆ. "ಈ ವಯಸ್ಸಲ್ಲಿ ಕಲ್ಲು ಹೊರೋದಾ?" ಅಂತ ಅಣ್ಣ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕೂತ. ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿ ಕೇಳಿದ, "ಇದರ ಉದ್ದ ಒಳಕ್ಕೇನೋ?"

ಅವನಿಗೆ ಈಗ 62. ಸಂಜೆ ಹೊತ್ತಿಗೆ ಎರಡು ಮಾರು ಕಟ್ಟಿದ್ದೆವು.