ನಶ್ವರ ಅಂದರೆ ಬೈಗುಳವೇ?

ಬಾಳಿಕೆ ಬರದ ಸಂಗತಿಗಳಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಕ್ಷಣಿಕ, ನಶ್ವರ, ಅನಿತ್ಯ, ಕ್ಷಣಭಂಗುರ. ಅವೂ ಸಾಲದೆಂಬಂತೆ ನೀರ ಮೇಲಿನ ಗುಳ್ಳೆ. (ತಾತ್ಕಾಲಿಕ ಅನ್ನೋದನ್ನ ಈ ಪಟ್ಟಿಗೆ ಸೇರಿಸಲ್ಲ. ತಾತ್ಕಾಲಿಕ ವ್ಯವಸ್ಥೆಗಳಷ್ಟು ಗಟ್ಟಿ ಆಯುಷ್ಯ ಬೇರೆ ಯಾವುದಕ್ಕೂ ಇಲ್ಲ.) ಆದರೆ ಇವನ್ನೆಲ್ಲ ನಾವು ಆಡುವ ಧಾಟಿ ನೋಡಿ. 'ಕ್ಷಣಿಕ ಸುಖ' ಅಂದರೆ ಮುಗೀತು, ಆ ಸುಖ ಕೀಳು ಅಂತ ತೀರ್ಪು ಕೊಟ್ಟಂತೆಯೇ. ಬಾಳಿಕೆ ಅನ್ನೋದು ಪಾತ್ರೆಪಡಗಕ್ಕೆ ಒಳ್ಳೆಯ ಗುಣ, ಒಪ್ಪೋಣ. ಎಲ್ಲದಕ್ಕೂ ಅದೇ ಅಳತೆಗೋಲು ಯಾಕೆ ಬೇಕು?

ಎಲ್ಲರೂ ಉದಾಹರಣೆ ಕೊಡುವ ಆ ಗುಳ್ಳೆಯನ್ನೇ ತಗೊಳ್ಳಿ. ಸೋಪಿನ ಗುಳ್ಳೆಯನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಪೊರೆಯೊಳಗಿನ ನೀರು ನೆತ್ತಿಯಿಂದ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಪೊರೆಯ ಒಳಮೈ, ಹೊರಮೈ ಎರಡರಿಂದಲೂ ಬೆಳಕು ಮರಳಿ ಬಂದು ಬೆರೆಯುವುದರಿಂದ ಹಸಿರು, ಗುಲಾಬಿ, ಹೊಂಬಣ್ಣ ಎಲ್ಲ ಏಳುತ್ತವೆ. ಪೊರೆ ತೆಳುವಾದ ಹಾಗೆ ಬಣ್ಣವೂ ಬದಲಾಗುತ್ತದೆ. ಕಡೆಗೆ ನೆತ್ತಿಯಲ್ಲಿ ಬಣ್ಣವೆಲ್ಲ ಬಸಿದುಹೋಗಿ ಕಪ್ಪು ಮಚ್ಚೆಯೊಂದು ಮೂಡುತ್ತದೆ. ಅಲ್ಲಿ ಪೊರೆ ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ತೆಳು. ಇನ್ನೇನು ಒಡೆಯಬೇಕು. ಅಂದರೆ ನಾವು ಬಾಯಿ ಬಿಟ್ಟು ನೋಡುವ ಆ ಬಣ್ಣದೋಟ, ಗುಳ್ಳೆ ಸವೆಯುತ್ತಿರುವುದರಿಂದಲೇ ಆಗುವಂಥದ್ದು. ಪೊರೆ ದಪ್ಪಗಿದ್ದರೆ ಬಣ್ಣವೂ ಇಲ್ಲ.

ಮೇಫ್ಲೈ ಎಂಬ ಹುಳಕ್ಕೆ ಒಂದೇ ದಿನದ ಬಾಳು ಅಂತ ಮರುಗುತ್ತೇವಲ್ಲ, ಅದೂ ಅರ್ಧ ಲೆಕ್ಕ. ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣುವ ಬಾಯಿಯೂ ಇರುವುದಿಲ್ಲ, ನಿಜ. ಅದಕ್ಕೆ ಮೊದಲು ಮರಿಯಾಗಿ ನೀರಿನಡಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಹೆಚ್ಚು, ಬಾಳಿರುತ್ತದೆ. ನಮ್ಮ ಕಣ್ಣಿಗೆ ಬಿದ್ದಷ್ಟೇ ಅದರ ಆಯುಷ್ಯವೇನು?

ಇತ್ತ ಶಾಶ್ವತ ಅಂತ ನಂಬಿದ್ದರ ಗತಿಯೂ ಅಷ್ಟೇ. ಬಿಸ್ಮತ್ ಲೋಹದ 209ರ ಐಸೊಟೋಪ್ (ಅದರ ಪರಮಾಣುವಿನ ಒಂದು ಬಗೆ) ಅಳಿಯುವುದೇ ಇಲ್ಲ ಅಂತ ಬಹುಕಾಲ ತಿಳಿದಿದ್ದರು. 2003ರಲ್ಲಿ ಅದೂ ಕ್ಷಯಿಸುತ್ತದೆಂದು ಅಳೆದು ತೋರಿಸಿದರು. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ವಿಶ್ವದ ಸುಮಾರು 1380 ಕೋಟಿ ವರ್ಷದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು. ನಿಧಾನ, ಅಷ್ಟೇ.

ಇಷ್ಟೆಲ್ಲ ಬರೆಯೋಕೆ ಕಾರಣ, ಸಾವಿನ ಮನೆಗೆ ಬಂದು 'ಎಲ್ಲಾ ನಶ್ವರ' ಅಂತ ಉಪದೇಶ ಮಾಡುವವರ ಮೇಲಿನ ನನ್ನ ಸಿಟ್ಟು. ಬುದ್ಧನೂ ಅನಿತ್ಯದ ಮಾತಾಡಿದ, ಹೌದು. ಅವನು ಬೊಟ್ಟು ಮಾಡಿದ್ದು ನಮ್ಮ ಅಂಟಿನ ಕಡೆಗೆ. ಇವರು ಹೋದ ಜೀವವನ್ನೇ ಹಗುರ ಮಾಡುತ್ತಾರೆ. ಉಳಿಯುವುದಿಲ್ಲ ಅನ್ನೋದು ಅಳುತ್ತಿರುವವರಿಗೆ ಗೊತ್ತಿಲ್ಲವೇ? ಗೊತ್ತಿರೋದಕ್ಕೇ ತಾನೆ ಅಳು. ಹೇಳಲೇಬೇಕೆಂದಿದ್ದರೆ ಹೋದವರದ್ದೇ ಒಂದು ಮಾತು ಹೇಳಿ, ಅವರ ತಮಾಷೆಯೋ ಸಿಡುಕೋ ಹಟವೋ. ವೇದಾಂತಕ್ಕೇನು, ಮುಂದೆ ಬೇಕಾದಷ್ಟು ಟೈಮಿದೆ.