ಅವಧಿ ವಿಸ್ತರಣೆ ಕೋರಿ

ಹಾಸನದ ನಮ್ಮ ಬಡಾವಣೆಯ ಹಿತರಕ್ಷಣಾ ಸಮಿತಿಯು ನನ್ನನ್ನು ಏಕಸದಸ್ಯ ವಿಚಾರಣಾ ಆಯೋಗವನ್ನಾಗಿ ನೇಮಿಸಿ ಇಂದಿಗೆ ಮೂರು ತಿಂಗಳಾಯಿತು. ಆರೋಪಿ ಸ್ಥಾನದಲ್ಲಿರುವುದು ಒಂದು ಇಂಗ್ಲಿಷ್ ಕಾದಂಬರಿ. ಹತ್ತನೆಯ ತರಗತಿಯಲ್ಲಿರುವ ನನ್ನ ತಮ್ಮನ ಮಗಳು ಅದನ್ನು ಗಣಿತದ ಗೈಡಿನೊಳಗೆ ಅಡಗಿಸಿಕೊಂಡು ಓದುತ್ತಿದ್ದಾಗ ಸಿಕ್ಕಿಬಿದ್ದಳು. ಮುಖಪುಟದಲ್ಲಿ ಕೂದಲು ಕೆದರಿಕೊಂಡ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಕತ್ತಿ ಹಿಡಿದು ರೆಕ್ಕೆಯುಳ್ಳ ಮೃಗವೊಂದರ ಬೆನ್ನೇರಿದ್ದಾಳೆ. ಅದೇ ಪ್ರತಿ ಇನ್ನೂ ನಾಲ್ಕು ಮನೆಗಳ ಹೆಣ್ಣುಮಕ್ಕಳ ಕೈದಾಟಿ ಬಂದಿದೆಯೆಂದು ತಿಳಿದೊಡನೆ ಭಾನುವಾರ ತುರ್ತು ಸಭೆ ಸೇರಿತು. ಹಾಜರಿದ್ದ ಹನ್ನೊಂದು ಮಂದಿ ಗಂಡಸರಲ್ಲಿ ಒಬ್ಬರೂ ಪುಸ್ತಕವನ್ನು ಓದಿರಲಿಲ್ಲವಾದ್ದರಿಂದ ಚರ್ಚೆಯು ಯಾವ ಪೂರ್ವಗ್ರಹವೂ ಇಲ್ಲದೆ ನಡೆಯಿತು.

ಮೊದಲ ಆಕ್ಷೇಪ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಹಿರಿಯರದು. "ಆ ಹುಡುಗಿ ಮಂತ್ರ ಹಾಕಿ ಶತ್ರುಗಳನ್ನ ಕಲ್ಲು ಮಾಡ್ತಾಳಂತೆ ಮೇಷ್ಟ್ರೇ, ಇಂಥ ಸುಳ್ಳನ್ನ ಮಕ್ಕಳ ತಲೆಗೆ ತುಂಬಬಹುದಾ?" ಎಂದು ಅವರು ಕೇಳಿದರು. ಇವರು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ 1,000 ರೂಪಾಯಿಯ ವಿಶೇಷ ದರ್ಶನದ ಟಿಕೆಟ್ ಕೊಂಡು ಸಾಲಿನಲ್ಲಿ ನಿಲ್ಲುವವರು. ಆ ದೇವಿಯ ಒಡವೆ ಕದಿಯಲು ಬಂದ ಕಳ್ಳರು ನಿಂತಲ್ಲೇ ಕಲ್ಲಾದರೆಂಬ ಐತಿಹ್ಯಕ್ಕೆ ಸಾಕ್ಷಿಯಾಗಿ ಅಲ್ಲಿಯೇ ಕಳ್ಳಪ್ಪನ ಗುಡಿಯಿದೆ. ಅತ್ತೆಯ ಕಾಟ ತಾಳಲಾರದೆ ಮೊರೆಯಿಟ್ಟ ಸೊಸೆಯನ್ನೂ ದೇವಿ ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲೇ ಇರಿಸಿಕೊಂಡಳೆಂದೂ, ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ ನಮ್ಮೂರಿನಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ನನಗೂ ಆ ಕತೆಯೆಂದರೆ ಬಲು ಇಷ್ಟ. ಆದರೆ ಕಲ್ಲಾಗಿಸುವ ಅಧಿಕಾರವು ಜಿಲ್ಲಾ ವ್ಯಾಪ್ತಿಯೊಳಗೆ ಮಾತ್ರ ಮಾನ್ಯವೆಂಬುದು ಆ ದಿನವೇ ನನಗೆ ತಿಳಿದದ್ದು.

ಎರಡನೆಯ ಆಕ್ಷೇಪ ಮುಖಪುಟದ ಹುಡುಗಿ ತೊಟ್ಟ ಬಟ್ಟೆಗೆ ಸಂಬಂಧಿಸಿದ್ದು. ಬೇಲೂರಿನಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟ ಮದನಿಕೆಯೂ ದುಪಟ್ಟಾ ಹೊದ್ದಿಲ್ಲವೆಂದೂ, ದೇಗುಲ ಪ್ರತಿಷ್ಠೆಯಾದ 1117ರಿಂದ ಈಚೆಗೆ ಆ ಬಗ್ಗೆ ದೂರು ದಾಖಲಾದಂತಿಲ್ಲವೆಂದೂ, 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗ ಇದೇ ಸಮಿತಿ ಲಡ್ಡು ಹಂಚಿತ್ತೆಂದೂ ನಾನು ನೆನಪಿಸಿದೆ. "ಅದು ಶಿಲ್ಪ ಸಾರ್" ಎಂಬ ಉತ್ತರ ಬಂತು.

ಟ್ಯೂಷನ್ ನಡೆಸುವವರು ಎದ್ದು, ಇದನ್ನು ಓದುವುದರಿಂದ ಏನು ಉಪಯೋಗವೆಂದು ಕೇಳಿದರು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರಲ್ಲೇ ಬಂದಿದೆ. ಮನೆ ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ಸಭೆಯಲ್ಲಿದ್ದ ಎಲ್ಲರೂ ವರ್ಷವರ್ಷವೂ ಕಟ್ಟುತ್ತಿದ್ದಾರೆ. ರಸೀದಿ ತರಿಸಿ ಆ ಸಾಲನ್ನು ತೋರಿಸಿದಾಗ ಇಬ್ಬರು ಇದನ್ನು ಮನ್ನಾ ಮಾಡಿಸಲು ಅರ್ಜಿ ಎಲ್ಲಿ ಕೊಡಬೇಕೆಂದು ವಿಚಾರಿಸಿದರು. ಓದುವುದಕ್ಕೆ ಕರ ಕೊಟ್ಟು, ಓದಿದ್ದಕ್ಕೆ ಮಗಳ ಬೆನ್ನಿಗೆ ಗುದ್ದು ಕೊಡುವ ಇಂಥ ಪೌರಪ್ರಜ್ಞೆ ಬೇರೆಲ್ಲಿ ಸಿಕ್ಕೀತು?

ವೀರವನಿತೆಯರೇ ಬೇಕಿದ್ದರೆ ನಮ್ಮವರಿಲ್ಲವೇ, ಓಬವ್ವನನ್ನು ಓದಲಿ ಎಂಬುದು ಕೊನೆಯ ಸಲಹೆ. ಇದನ್ನು ಆಯೋಗವು ಗಂಭೀರವಾಗಿ ಪರಿಶೀಲಿಸಿತು. ಗಂಡ ಊಟಕ್ಕೆ ಕುಳಿತಿದ್ದಾನೆ, ಎಬ್ಬಿಸಬಾರದು ಎಂದು ತಾನೇ ಒನಕೆ ಎತ್ತಿಕೊಂಡವಳು ಓಬವ್ವ. ಸಭೆಗೆ ಆ ಕತೆಯಲ್ಲಿ ಹಿಡಿಸಿದ್ದು ಒನಕೆಯೋ ಊಟವೋ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಈ ಕಾದಂಬರಿಯ ನಾಯಕಿ ಕತ್ತಿ ಎತ್ತುವಾಗ ಒಳಗೆ ಯಾವ ಗಂಡಸೂ ಉಣ್ಣುತ್ತಿಲ್ಲ. ಅವಳ ಮೇಲಿರುವ ನಿಜವಾದ ಆರೋಪ ಅದೇ ಎಂದು ನನ್ನ ಅನುಮಾನ.

ಇನ್ನು ಸಾಕ್ಷ್ಯ ಸಂಗ್ರಹಣೆಯ ವಿಚಾರ. ಮೂವತ್ತು ವರ್ಷ ಕಾಲೇಜಿನಲ್ಲಿ ರಾಘವಾಂಕನನ್ನೂ ಜನ್ನನನ್ನೂ ಪಾಠ ಹೇಳಿದ ನಾನು, ಹದಿಹರೆಯದವರ ಪುಸ್ತಕವೆಂಬ ಸಣ್ಣ ಅಸಡ್ಡೆಯಿಂದಲೇ ಅದನ್ನು ಬಿಡಿಸಿದೆ. ಮೊದಲ ಪುಟದಲ್ಲಿಯೇ ಎಲ್ಲಿಯೂ ಇಲ್ಲದ ದೇಶದ ನಕ್ಷೆ, ನಾಲಿಗೆ ಹೊರಳದ ಹೆಸರುಗಳು. ಮೂರನೆಯ ಅಧ್ಯಾಯದ ಹೊತ್ತಿಗೆ ನನ್ನ ಕಾಫಿ ಆರಿತ್ತು. ರಾತ್ರಿ ಎರಡಕ್ಕೆ ನನ್ನಾಕೆ ಎದ್ದು ಬಂದು, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದಳು. ಹುಷಾರಿಲ್ಲದೆ ಇದ್ದದ್ದು ನಾಯಕಿಯ ಗೆಳತಿಗೆ. ಈ ಹುಡುಗಿ ಸಿಟ್ಟಿನ ಭರದಲ್ಲಿ, ಯಾರ ಮಾತನ್ನೂ ಕೇಳದೆ ಕೋಟೆಗೆ ನುಗ್ಗಿ ಆ ಗೆಳತಿ ತೋಳು ಕಳೆದುಕೊಳ್ಳುವಂತೆ ಮಾಡುತ್ತಾಳೆ. ನಮ್ಮ ಪಾಠಪುಸ್ತಕದ ವೀರವನಿತೆಯರು ಒಂದೇ ಒಂದು ತಪ್ಪು ಮಾಡಿದ್ದನ್ನು ನಾನು ಓದಿಲ್ಲ, ಪಾಠವನ್ನೂ ಮಾಡಿಲ್ಲ. ಅವರು ನೇರವಾಗಿ ಪ್ರತಿಮೆಯಾಗಿಯೇ ಹುಟ್ಟಿದಂತಿರುತ್ತಾರೆ. ಇವಳೋ ಅಷ್ಟು ದೊಡ್ಡ ತಪ್ಪು ಮಾಡಿಯೂ ಮುಂದಿನ ಅಧ್ಯಾಯದಲ್ಲಿ ಇನ್ನೂ ಇದ್ದಾಳೆ, ಅತ್ತಿದ್ದಾಳೆ, ಮತ್ತೆ ಸಿಟ್ಟಾಗಿದ್ದಾಳೆ. ಗಣಿತದಲ್ಲಿ ಎರಡು ಅಂಕ ಕಡಿಮೆ ಬಂದದ್ದಕ್ಕೆ ಒಂದು ವಾರ ಮನೆಯವರ ಮುಖ ನೋಡಲಾಗದೆ ಓಡಾಡಿದ ನನ್ನ ತಮ್ಮನ ಮಗಳು ಆ ಪುಟದ ಮೂಲೆಯನ್ನು ಮಡಚಿಟ್ಟಿದ್ದಳು.

ಕೃತಿಯು ಮೂರು ಸಂಪುಟಗಳಲ್ಲಿರುವುದರಿಂದ ಒಂದನ್ನೇ ಓದಿ ತೀರ್ಪು ಕೊಡುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಮೊದಲನೆಯ ವಿಸ್ತರಣೆ ಪಡೆದೆ. ಎರಡನೆಯ ಸಂಪುಟವು ಮೃಗ ಕೆಳಗೆ ಬೀಳುತ್ತಿರುವಾಗಲೇ ಮುಗಿದುಬಿಟ್ಟಿದ್ದರಿಂದ ಈಗ ಎರಡನೆಯ ವಿಸ್ತರಣೆಯನ್ನು ಕೋರುತ್ತಿದ್ದೇನೆ. ಮೂರನೆಯ ಸಂಪುಟ ಸದ್ಯ ಶಿರಸ್ತೇದಾರರ ಸೊಸೆಯ ಬಳಿಯಿದೆ. ಅವರು ಮಾವನವರ ಮಾತ್ರೆ, ಮಕ್ಕಳ ಹೋಂವರ್ಕ್, ಪಾತ್ರೆ ಎಲ್ಲ ಮುಗಿಸಿ ರಾತ್ರಿಗೆ ನಾಲ್ಕು ಪುಟದಂತೆ ಓದುತ್ತಿದ್ದಾರೆಂದು ತಿಳಿದುಬಂದಿದೆ. ಬೇಗ ಓದಿ ಕೊಡಿರೆಂದು ಕೇಳುವ ಧೈರ್ಯ ಆಯೋಗಕ್ಕಿಲ್ಲ. ವಿಳಂಬವಾಯಿತೆಂದು ಸಮಿತಿಗೆ ಅನ್ನಿಸಿದರೆ, ಹಾಸನಾಂಬೆಯ ಗುಡಿಯಲ್ಲಿ ಅಕ್ಕಿಕಾಳಿನ ಲೆಕ್ಕದಲ್ಲಿ ಸರಿಯುತ್ತಿರುವ ಸೊಸೆಗೆ ಇದುವರೆಗೆ ಯಾರೂ ನೋಟಿಸು ಕೊಟ್ಟಿಲ್ಲವೆಂಬುದನ್ನು ದಯಮಾಡಿ ಗಮನಿಸಬೇಕು.